ಶಿರಾದಲ್ಲಿ ತಿರುಗದ ಪಾದಯಾತ್ರೆ

2010ರ ಜುಲೈ 25ರಂದು ಬೆಂಗಳೂರಿನಿಂದ ಹೊರಟು ಆಗಸ್ಟ್ 9ರಂದು ಬಳ್ಳಾರಿ ಮುಟ್ಟಿದ ಕಾಂಗ್ರೆಸ್ ಪಾದಯಾತ್ರೆಯಷ್ಟು ಹೊಗಳಿಸಿಕೊಂಡ ನಡಿಗೆ ಕರ್ನಾಟಕದ ಈಚಿನ ರಾಜಕಾರಣದಲ್ಲಿ ಇನ್ನೊಂದಿಲ್ಲ. ಗಣಿ ದುಡ್ಡಿನ ಸರ್ಕಾರವನ್ನು ಅಲುಗಾಡಿಸಿದ್ದು, ಜನಾರ್ದನ ರೆಡ್ಡಿಯವರನ್ನು ಜೈಲಿಗೆ ಕಳಿಸಿದ್ದು, 2013ರಲ್ಲಿ ಸಿದ್ದರಾಮಯ್ಯನವರನ್ನು ಮುಖ್ಯಮಂತ್ರಿ ಮಾಡಿದ್ದು, ಮೂರೂ ಅದರ ಖಾತೆಗೇ ಜಮೆಯಾಗಿವೆ. ಆ ಖಾತೆಯನ್ನು ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿಯ ಕಡೆಯಿಂದ ತಾಳೆ ನೋಡಿದರೆ ಲೆಕ್ಕ ಕೂಡುವುದಿಲ್ಲ.

ಹಿನ್ನೆಲೆ ಗೊತ್ತಿರುವುದೇ. 2008ರಲ್ಲಿ 224ರ ಸದನದಲ್ಲಿ ಬಿಜೆಪಿಗೆ 110 ಸ್ಥಾನ ಬಂತು. ಕೊರತೆಯನ್ನು ಪಕ್ಷೇತರರು ತುಂಬಿದರು. ಅವರನ್ನು ಕೂಡಿಸಿಕೊಟ್ಟವರು ಬಳ್ಳಾರಿಯ ಗಣಿ ಮಾಲೀಕರಾದ ರೆಡ್ಡಿ ಸಹೋದರರು. ಆರೆಸ್ಸೆಸ್ ಶಾಖೆಯಲ್ಲಾಗಲಿ ರೈತ ಹೋರಾಟದಲ್ಲಾಗಲಿ ಬೆಳೆಯದೆ ಅದಿರಿನ ದುಡ್ಡಿನೊಂದಿಗೆ ಒಳಬಂದವರು ಮಂತ್ರಿಗಳಾದರು. 2009ರ ಕೊನೆಯಲ್ಲಿ ಶಾಸಕರ ಗುಂಪೊಂದು ಹೈದರಾಬಾದಿನಲ್ಲಿ ಹೋಗಿ ಕೂತಾಗ ಶೋಭಾ ಕರಂದ್ಲಾಜೆ ಮಂತ್ರಿಸ್ಥಾನ ಬಿಡಬೇಕಾಯಿತು, ಮುಖ್ಯಮಂತ್ರಿ ಯಡಿಯೂರಪ್ಪ ಟಿವಿಯಲ್ಲಿ ಕಣ್ಣೀರು ಹಾಕಿದರು.

ಪಾದಯಾತ್ರೆಯ ಗುಣದೋಷವೆಲ್ಲ ಅದು ಹುಟ್ಟಿದ ಗಳಿಗೆಯಲ್ಲೇ ಇದೆ. 2010ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಸಿಬಿಐ ತನಿಖೆಗೆ ಪಟ್ಟು ಹಿಡಿದು ಕಾಂಗ್ರೆಸ್ ವಿಧಾನಸಭೆಯಲ್ಲಿ ಅಹೋರಾತ್ರಿ ಧರಣಿ ಕೂತಿತ್ತು. ಮಾತಿಗೆ ಮಾತು ಬೆಳೆದು, ಬಳ್ಳಾರಿಗೆ ಬನ್ನಿ ನೋಡೋಣ ಎಂಬ ಅರ್ಥದ ಸವಾಲು ರೆಡ್ಡಿಗಳ ಕಡೆಯಿಂದ ಬಂತು. ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ನಡೆದೇ ಬರುತ್ತೇವೆಂದು ಒಪ್ಪಿಕೊಂಡರು. ಆ ಒಪ್ಪಿಗೆಗೆ ಮುಂಚೆ ಸದನದ ಮುಂದಿದ್ದ ಪ್ರಶ್ನೆಗಳು ಬೇರೆ: ಯಾವ ಗುಡ್ಡದ ಅದಿರು, ಯಾರ ಪರ್ಮಿಟ್ಟಿನ ಮೇಲೆ, ಯಾವ ಬಂದರಿನಿಂದ ಹೋಯಿತು? ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ್ದ ಅದಿರೇ ಮಾಯವಾಗಿತ್ತು; ಅದೇ ಪ್ರಕರಣದ ಬಿಸಿಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಜೂನ್‌ನಲ್ಲಿ ರಾಜೀನಾಮೆ ಕೊಟ್ಟು ಆಮೇಲೆ ವಾಪಸ್ ಪಡೆದಿದ್ದರು. ಒಪ್ಪಿಗೆಯ ನಂತರ ಉಳಿದದ್ದು ಒಂದೇ ಪ್ರಶ್ನೆ, ಬಳ್ಳಾರಿಗೆ ಕಾಲಿಡುವ ಎದೆಗಾರಿಕೆ ಯಾರಿಗಿದೆ ಎಂಬುದು. ಮೊದಲಿನ ಪ್ರಶ್ನೆಗಳಿಗೆ ಕಡತ ತೆಗೆದು ಉತ್ತರ ಕೊಡಬೇಕಿತ್ತು. ಇದಕ್ಕೆ ಕಾಲು ಗಟ್ಟಿಯಿದ್ದರೆ ಸಾಕು.

ಅಖಾಡ ಯಾವುದೆಂದು ಗೊತ್ತುಮಾಡಿದವರು ಎದುರಾಳಿಗಳು. ದುಡ್ಡು ಕೆಲಸ ಮಾಡಿದ್ದು ವಿಧಾನಸೌಧದಲ್ಲಿ. ವರ್ಗಾವಣೆ, ಮಂತ್ರಿಸ್ಥಾನ, ಬಹುಮತ ಎಲ್ಲ ಕುದುರಿದ್ದು ಅಲ್ಲಿ. ಅದನ್ನು ವಿರೋಧಿಸುವ ನಡಿಗೆ ವಿಧಾನಸೌಧಕ್ಕೆ ಬೆನ್ನು ಹಾಕಿ 320 ಕಿಲೋಮೀಟರ್ ದೂರ ಹೋಯಿತು. ಆಗ ಎಲ್ಲರ ಬಾಯಲ್ಲಿದ್ದ ‘ರಿಪಬ್ಲಿಕ್ ಆಫ್ ಬಳ್ಳಾರಿ’ ಎಂಬ ಮಾತೂ ಇದೇ ಕೆಲಸ ಮಾಡಿತು. ಕೇಳಲು ಖಾರವಾದ ಆ ಮಾತು ಉಳಿದ ಜಿಲ್ಲೆಗಳಿಗೆ ಸಮಾಧಾನವನ್ನೂ ಹೇಳುತ್ತಿತ್ತು: ರೋಗ ಗಡಿಯಾಚೆಯ ಆ ಗಣರಾಜ್ಯದ್ದು, ನಮ್ಮದಲ್ಲ.

ಆದರೆ ಚಿಕ್ಕನಾಯಕನಹಳ್ಳಿಯ ಗುಡ್ಡಸಾಲಿನಲ್ಲೂ ಕಬ್ಬಿಣ, ಮ್ಯಾಂಗನೀಸ್ ಅದಿರಿದೆ. ಅಲ್ಲೂ ಗಣಿಗಳು ನಡೆಯುತ್ತಿದ್ದವು. ಲಾರಿ ಓಡಿದ ದಾರಿಯ ಪಕ್ಕದ ತೋಟಗಳಲ್ಲಿ ತೆಂಗಿನ ಗರಿ ಕೆಂಪಾಗುತ್ತಿತ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಬೆಳೆಗಾರನಿಗೆ ತೆಂಗೆಂದರೆ ಉಂಡೆ ಕೊಬ್ಬರಿ. ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂತು, ನೀರೆಲ್ಲ ಇಂಗಿ, ಅಲ್ಲಾಡಿಸಿದಾಗ ಒಳಗೆ ಗಿಟುಕು ಲೊಡಲೊಡ ಅಂದ ಮೇಲೆಯೇ ಸುಲಿಯುವುದು; ಆಮೇಲೆ ತಿಪಟೂರಿನ ಎಪಿಎಂಸಿ ಟೆಂಡರು. ಧೂಳಿನ ನಷ್ಟವೂ ಹಾಗೆಯೇ ನಿಧಾನವಾಗಿ ಕೈಗೆ ಬರುತ್ತದೆ. ಇಂಥದ್ದನ್ನು ಕಾಣಲು ಪಾದಯಾತ್ರೆಗೆ ವ್ಯವಧಾನವಿರಲಿಲ್ಲ. ಹದಿನಾರು ದಿನಕ್ಕೆ 320 ಕಿಲೋಮೀಟರ್ ಎಂದರೆ ದಿನಕ್ಕೆ ಇಪ್ಪತ್ತು. ತುಮಕೂರು, ಶಿರಾ, ಹಿರಿಯೂರು, ಚಳ್ಳಕೆರೆ ಎಂದು ಹೆದ್ದಾರಿ ಹಿಡಿದು ಹೋದವರು ಶಿರಾದಲ್ಲಿ ಎಡಕ್ಕೆ ತಿರುಗಿದ್ದರೆ, ಅದೇ ವೇಗದಲ್ಲಿ ಮೂರು ನಾಲ್ಕು ದಿನಕ್ಕೆ ಹುಳಿಯಾರಿನ ಮೇಲೆ ಚಿಕ್ಕನಾಯಕನಹಳ್ಳಿ ಸಿಗುತ್ತಿತ್ತು. ಸವಾಲಿನಲ್ಲಿ ಆ ಊರಿನ ಹೆಸರಿರಲಿಲ್ಲ, ದಾರಿಯಲ್ಲೂ ಇರಲಿಲ್ಲ.

ಹೊಗಳುವವರಲ್ಲಿ ಒಂದು ಪಂಗಡ ಇದನ್ನು ದಂಡಿಯ ಪಕ್ಕ ಇಡುತ್ತದೆ. ದೂರ ನೋಡಿದರೆ ಎರಡೂ ಹತ್ತಿರ ಹತ್ತಿರವೇ. ದಂಡಿಯ ಕೊನೆಯಲ್ಲಿ ಹಿಡಿ ಉಪ್ಪಿತ್ತು, ಅದನ್ನೆತ್ತಿದರೆ ಕಾನೂನು ಮುರಿಯುತ್ತಿತ್ತು. ಬಳ್ಳಾರಿಯ ಕೊನೆಯಲ್ಲಿ ಇದ್ದದ್ದು ವೇದಿಕೆ ಮತ್ತು ಮೈಕು. ಇನ್ನೂ ದೊಡ್ಡ ವ್ಯತ್ಯಾಸವೆಂದರೆ ದಂಡಿಗೆ ನಡೆದವರಿಗೆ ಲಂಡನ್ನಿನಲ್ಲಿ ಸ್ವಂತ ಸರ್ಕಾರವಿರಲಿಲ್ಲ, ಬಳ್ಳಾರಿಗೆ ನಡೆದವರಿಗೆ ದೆಹಲಿಯಲ್ಲಿತ್ತು. ಕಬ್ಬಿಣದ ಅದಿರಿನ ಗುತ್ತಿಗೆಗೆ ಆಗ ಕೇಂದ್ರದ ಪೂರ್ವಾನುಮತಿ ಬೇಕಿತ್ತು, ಅರಣ್ಯದಲ್ಲಿ ಅಗೆಯಲು ಕೇಂದ್ರ ಪರಿಸರ ಸಚಿವಾಲಯದ ಒಪ್ಪಿಗೆ ಬೇಕಿತ್ತು. ರೆಡ್ಡಿಗಳ ಓಬಳಾಪುರಂ ಕಂಪನಿ ಬೆಳೆದದ್ದು ಆಂಧ್ರದಲ್ಲಿ ಕಾಂಗ್ರೆಸ್ಸೇ ಆಳುತ್ತಿದ್ದಾಗ. ಗಣಿ ಮಾಲೀಕ ಅನಿಲ್ ಲಾಡ್ ಆಗ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರು. 2013ರಲ್ಲಿ ಬಳ್ಳಾರಿ ನಗರದಿಂದ ಆರಿಸಿ ಬಂದವರೂ ಅವರೇ. ಹೊರಗಿನ ಹಣ ಸರ್ಕಾರದೊಳಗೆ ಹೇಗೆ ನುಗ್ಗುತ್ತದೆಂಬ ಪ್ರಶ್ನೆಯನ್ನು ಪೂರ್ತಿ ಕೇಳಿದ್ದರೆ ಅದು ಕೇಳಿದವರ ಮನೆಬಾಗಿಲಿಗೂ ಬರುತ್ತಿತ್ತು.

ಇನ್ನೊಂದು ಪಂಗಡ ಚುನಾವಣೆಯ ಲೆಕ್ಕದವರದು. ಪಾದಯಾತ್ರೆಯೇ 2013ರ ಗೆಲುವಿನ ಬೀಜ ಎಂಬ ಇವರ ಮಾತು ಈಗ ಪಾಠದಂತೆ ಒಪ್ಪಿತವಾಗಿದೆ. ಅಂಕಿ ಬೇರೆ ಹೇಳುತ್ತದೆ. ಕಾಂಗ್ರೆಸ್ಸಿನ ಮತ 2008ರಲ್ಲಿ ನೂರಕ್ಕೆ ಸುಮಾರು 34.8 ಇತ್ತು, 2013ರಲ್ಲಿ 36.6 ಆಯಿತು. ಎರಡಂಶವೂ ಏರಲಿಲ್ಲ, ಸ್ಥಾನ ಮಾತ್ರ 80ರಿಂದ 122ಕ್ಕೆ ಜಿಗಿಯಿತು. ಅತ್ತ ಬಿಜೆಪಿ ಸುಮಾರು 34ರಿಂದ 20ಕ್ಕೆ ಇಳಿಯಿತು, ಯಡಿಯೂರಪ್ಪನವರ ಕೆಜೆಪಿ ಹತ್ತರ ಹತ್ತಿರ ಕಿತ್ತುಕೊಂಡಿತು, ಶ್ರೀರಾಮುಲು ಬೇರೆ ಪಕ್ಷ ಕಟ್ಟಿದರು. ಮನೆ ಒಡೆದದ್ದು ಒಳಗಿನಿಂದ. ಇಡೀ ನಡಿಗೆಯೇ ನಾಟಕ ಎಂದ ಎದುರು ಪಾಳಯದವರಿಗಂತೂ ಉತ್ತರ ಕೊಡುವ ಅಗತ್ಯವಿಲ್ಲ. ಅವರು ಆಗ ಅದಿರಿನ ಋಣದಲ್ಲಿದ್ದರು.

ಜೈಲಿನ ಲೆಕ್ಕವೂ ಹೀಗೇ. ಜನಾರ್ದನ ರೆಡ್ಡಿಯವರನ್ನು ಸಿಬಿಐ ಬಂಧಿಸಿದ್ದು 2011ರ ಸೆಪ್ಟೆಂಬರ್ 5ರಂದು, ಓಬಳಾಪುರಂ ಪ್ರಕರಣದಲ್ಲಿ. ಆ ಪ್ರಕರಣ ಸಿಬಿಐಗೆ ಹೋದದ್ದು 2009ರ ಕೊನೆಯಲ್ಲಿ, ಆಂಧ್ರ ಸರ್ಕಾರದ ಕೋರಿಕೆಯ ಮೇಲೆ. ಬೆಂಗಳೂರಿನಲ್ಲಿ ಆಗಿನ್ನೂ ಯಾರೂ ನಡಿಗೆಗೆ ಹೊರಟಿರಲಿಲ್ಲ.

ಪಾದಯಾತ್ರೆಗೆ ಸಲ್ಲಬೇಕಾದದ್ದೂ ಇದೆ. ಬಳ್ಳಾರಿಯಲ್ಲಿ ಬಾಯಿಬಿಡಲು ಅಂಜುತ್ತಿದ್ದ ಜನಕ್ಕೆ ಅದು ಧೈರ್ಯ ಕೊಟ್ಟಿತು. ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿದ್ದು ಅದೇ 2010ರ ಜುಲೈ ಕೊನೆಯಲ್ಲಿ.

ಗಣಿ ನಿಲ್ಲಿಸಿದ ಕೆಲಸ ಮಾತ್ರ ಬೇರೆಯವರದು, ಅದಕ್ಕೆ ಮೆರವಣಿಗೆಯ ಕಳೆ ಇರಲಿಲ್ಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲೇ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿತ್ತು. ಲೋಕಾಯುಕ್ತದ ಪರವಾಗಿ ಅರಣ್ಯಾಧಿಕಾರಿ ಯು.ವಿ. ಸಿಂಗ್ ಮತ್ತು ಅವರ ತಂಡ ಗಣಿ, ಪರ್ಮಿಟ್ಟು, ಬಂದರುಗಳ ಲೆಕ್ಕ ಜೋಡಿಸಿತು. 2011ರ ಜುಲೈ 27ರ ವರದಿ ಖಜಾನೆಗೆ 16,085 ಕೋಟಿ ರೂಪಾಯಿ ನಷ್ಟವೆಂದು ಹೇಳಿತು. ನಾಲ್ಕು ದಿನದಲ್ಲಿ ಯಡಿಯೂರಪ್ಪ ಕುರ್ಚಿ ಬಿಟ್ಟರು. ಗಣಿ ಕಂಪನಿಯ ದೇಣಿಗೆಯ ಪ್ರಕರಣದಲ್ಲಿ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯ ಗಣಿಗಳನ್ನೂ ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಳನ್ನೂ ನಿಲ್ಲಿಸಿತು. ಗರಿಯ ಮೇಲೆ ಧೂಳು ಬೀಳುವುದು ನಿಂತದ್ದು ಈ ಎರಡನೆಯ ಆದೇಶದಿಂದ.

ಸುಪ್ರೀಂ ಕೋರ್ಟಿನ 2013ರ ಏಪ್ರಿಲ್ 18ರ ತೀರ್ಪು ಗಣಿಗಳನ್ನು ಅಕ್ರಮದ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಿ ವರ್ಷಕ್ಕೆ ಎಷ್ಟು ಅಗೆಯಬಹುದೆಂಬ ಮಿತಿ ಗೊತ್ತುಮಾಡಿತು: ಬಳ್ಳಾರಿಗೆ 250 ಲಕ್ಷ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಸೇರಿ 50 ಲಕ್ಷ ಟನ್. 2022ರ ಆಗಸ್ಟಿನಲ್ಲಿ ಅದೇ ನ್ಯಾಯಾಲಯ ಬಳ್ಳಾರಿಯ ಮಿತಿಯನ್ನು 350 ಲಕ್ಷ ಟನ್ನಿಗೂ ಚಿತ್ರದುರ್ಗ ತುಮಕೂರಿನ ಮಿತಿಯನ್ನು 150 ಲಕ್ಷ ಟನ್ನಿಗೂ ಏರಿಸಿತು.