ಗೋಡೆಗೆ ಅಂಟಿಸಿದ ಪಾಸ್‌ವರ್ಡ್

ವೈರ್‌ಶಾರ್ಕ್ ಒಳ್ಳೆಯ ಸಾಫ್ಟ್‌ವೇರ್. ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಬರೋದೆಲ್ಲ ತಕರಾರು. 1998ರಲ್ಲಿ ಜೆರಾಲ್ಡ್ ಕೊಂಬ್ಸ್ ಇದನ್ನು 'ಎಥೀರಿಯಲ್' ಅನ್ನುವ ಹೆಸರಲ್ಲಿ ಹೊರತಂದರು. 2006ರಲ್ಲಿ ಅದು ವೈರ್‌ಶಾರ್ಕ್ ಆಯಿತು. ಕಂಪ್ಯೂಟರಿಗೆ ಬರುವ, ಹೋಗುವ ಒಂದೊಂದು ಪ್ಯಾಕೆಟ್ಟನ್ನೂ ಹಿಡಿದು, ಬಿಡಿಸಿ, ಬಣ್ಣ ಹಚ್ಚಿ ತೋರಿಸುತ್ತೆ. ಅದೂ ಬಿಟ್ಟಿಯಾಗಿ. ನೆಟ್‌ವರ್ಕ್ ಕೆಲಸ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗೋದು ಕಷ್ಟ.

ತಕರಾರು ಏನಪ್ಪಾ ಅಂದ್ರೆ, ಈ ಮೇಷ್ಟ್ರು ತನಗೆ ಏನು ಕಾಣ್ತಿಲ್ಲ ಅನ್ನೋದನ್ನ ಹೇಳಲ್ಲ.

ಮಧುಗಿರಿಯ ಒಂದು ಮನೆ ಅಂದುಕೊಳ್ಳಿ. ಬೆಂಗಳೂರಿನ ಕೆಲಸವನ್ನು ಊರಿಂದಲೇ ಮಾಡುವ ಮಗಳು, ಹಾಲಿನಲ್ಲೊಂದು ಹಳೇ ಡೆಸ್ಕ್‌ಟಾಪ್, ಅದರ ಹಿಂದೆ ಸಿಕ್ಕಿಸಿದ ಚಿಕ್ಕ ಯುಎಸ್‌ಬಿ ವೈಫೈ ಅಡಾಪ್ಟರ್. ವಿಂಡೋಸ್‌ನಲ್ಲಿ ವೈರ್‌ಶಾರ್ಕ್ ಹಾಕಿ, ವೈಫೈ ಅನ್ನುವ ಸಾಲಿನ ಮೇಲೆ ಎರಡು ಸಲ ಒತ್ತಿದರೆ ಪ್ಯಾಕೆಟ್‌ಗಳು ಸಾಲುಸಾಲಾಗಿ ಓಡತೊಡಗುತ್ತವೆ. ಆದರೆ ಅವು ಆ ಡೆಸ್ಕ್‌ಟಾಪಿನವೇ. ಜೊತೆಗೆ ಎಲ್ಲರಿಗೂ ಕೂಗಿ ಹೇಳುವ ಒಂದಿಷ್ಟು ಬ್ರಾಡ್‌ಕಾಸ್ಟ್. ಪಕ್ಕದ ರೂಮಿನಲ್ಲಿ ಅಮ್ಮ ಫೋನಿನಲ್ಲಿ ನೋಡ್ತಿರೋ ವಿಡಿಯೋದ ಸುಳಿವೂ ಅಲ್ಲಿಲ್ಲ. ಇನ್ನೊಂದು ತಮಾಷೆ: ಪ್ಯಾಕೆಟ್ ಬಿಡಿಸಿ ನೋಡಿದರೆ 'ಈಥರ್‌ನೆಟ್' ಅಂತ ಬರೆದಿರುತ್ತೆ. ಡ್ರೈವರ್ ವೈಫೈ ಹೆಡರ್ ಕಿತ್ತುಹಾಕಿ, ಈಥರ್‌ನೆಟ್ಟಿನ ಹೆಡರ್ ಅಂಟಿಸಿ ಕೊಟ್ಟಿರುತ್ತೆ. ಇಲ್ಲಿಗೇ ನಿಲ್ಲಿಸಿದವರು ಏನಂದುಕೊಳ್ತಾರೆ? "ನಂಗೆ ಬೇರೆಯವರದ್ದು ಕಾಣ್ತಿಲ್ಲ, ಅಂದ್ಮೇಲೆ ಬೇರೆಯವರಿಗೂ ನನ್ನದು ಕಾಣಲ್ಲ." ಈ ನೆಮ್ಮದಿ ಸುಳ್ಳು.

ಗಾಳಿಯಲ್ಲಿರೋದನ್ನ ಇದ್ದ ಹಾಗೇ ಹಿಡಿಯೋಕೆ ಮಾನಿಟರ್ ಮೋಡ್ ಬೇಕು. ವಿಂಡೋಸ್‌ನಲ್ಲಿ ಎನ್‌ಪಿಕ್ಯಾಪ್ ಹಾಕುವಾಗ ಅದಕ್ಕೊಂದು ಟಿಕ್ ಬಾಕ್ಸ್ ಇದೆ, ಆದರೆ ಬಹಳಷ್ಟು ಅಡಾಪ್ಟರ್‌ಗಳ ಡ್ರೈವರ್ ಒಪ್ಪಲ್ಲ. ಲಿನಕ್ಸ್‌ನಲ್ಲಿ, ಒಪ್ಪುವ ಅಡಾಪ್ಟರ್ ಸಿಕ್ಕರೆ, ಕೆಲವೇ ಕಮಾಂಡ್‌ಗಳ ಕೆಲಸ. ಆಗ ಅಡಾಪ್ಟರ್ ಯಾವ ನೆಟ್‌ವರ್ಕಿಗೂ ಸೇರದೆ ಸುಮ್ಮನೆ ಕಿವಿಗೊಟ್ಟು ಕೂರುತ್ತೆ, ಒಂದು ಸಲಕ್ಕೆ ಒಂದೇ ಚಾನೆಲ್‌ಗೆ. ರೂಟರ್ 6ರಲ್ಲಿದ್ದು ನೀವು 11ರಲ್ಲಿ ಕೂತರೆ ಅದರ ಮಾತು ಸಿಗಲ್ಲ. 2.4 ಗಿಗಾಹರ್ಟ್ಸ್ ಮಾತ್ರ ಬಲ್ಲ ಅಡಾಪ್ಟರಿಗೆ 5 ಗಿಗಾಹರ್ಟ್ಸ್‌ನದ್ದು ಕೇಳಿಸೋದೇ ಇಲ್ಲ. ಡೆಸ್ಕ್‌ಟಾಪಿನ ತಗಡಿನ ಡಬ್ಬ ಸಿಗ್ನಲ್‌ಗೆ ಅಡ್ಡ ಬರುತ್ತೆ, ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅಡಾಪ್ಟರನ್ನ ಮೇಜಿನ ಮೇಲೆ ತರಬೇಕು. ವೈರ್‌ಶಾರ್ಕಿನ ವಿಕಿಯಲ್ಲಿ ಮಾನಿಟರ್ ಮೋಡಿನ ವಿವರವೆಲ್ಲ ಇದೆ, ನಿಜ. ಆದರೆ ಮೊದಲ ಸಲ ತೆರೆದವರು ನೋಡೋದು ಪರದೆಯನ್ನ, ವಿಕಿಯನ್ನಲ್ಲ.

ಹೀಗೆ ಹಿಡಿಯೋದು ಸಿನಿಮಾ ಕಥೆ ಅಂದ್ಕೋಬೇಡಿ. ತನ್ನ ಸ್ಟ್ರೀಟ್ ವ್ಯೂ ಕಾರುಗಳು ರಸ್ತೆಯಲ್ಲಿ ಹೋಗ್ತಾ ಹೋಗ್ತಾ ಬೀಗವಿಲ್ಲದ ವೈಫೈಗಳಿಂದ ಜನರ ದತ್ತಾಂಶ ಹಿಡಿದಿದ್ದನ್ನು ಗೂಗಲ್ 2010ರಲ್ಲಿ ತಾನೇ ಒಪ್ಪಿಕೊಂಡಿತು. ಅಲ್ಲಿ ಬೀಗವೇ ಇರಲಿಲ್ಲ. ನಮ್ಮ ಕಡೆ ಬೀಗ ಇದೆ, ಬೀಗದ ಕೈಯನ್ನ ಗೋಡೆಗೆ ನೇತುಹಾಕಿದೀವಿ.

ಶಿರಾ ಹೆದ್ದಾರಿಯ ಹೋಟೆಲ್ಲೋ, ಕೊರಟಗೆರೆಯ ಲಾಡ್ಜೋ, ಪಾವಗಡದ ಸೋಲಾರ್ ಪಾರ್ಕಿನ ಕೆಲಸಕ್ಕೆ ಬಂದ ಹುಡುಗರು ಹಂಚಿಕೊಂಡಿರುವ ಬಾಡಿಗೆ ಮನೆಯೋ, ಎಲ್ಲರಿಗೂ ಒಂದೇ ಪಾಸ್‌ವರ್ಡ್ ಅಂದುಕೊಳ್ಳಿ. ಡಬ್ಲ್ಯೂಪಿಎ2ನಲ್ಲಿ ಪ್ರತಿ ಫೋನಿಗೂ ಬೇರೆಯದೇ ಕೀ ಇರುತ್ತೆ. ಆದರೆ ಅದು ತಯಾರಾಗೋದು ಆ ಪಾಸ್‌ವರ್ಡ್, ನೆಟ್‌ವರ್ಕಿನ ಹೆಸರು, ಮತ್ತು ಫೋನು ರೂಟರಿಗೆ ಸೇರುವಾಗ ಓಡಾಡುವ ನಾಲ್ಕು ಪ್ಯಾಕೆಟ್‌ಗಳಿಂದ. ಹೆಸರು ಬಹಿರಂಗ. ನಾಲ್ಕು ಪ್ಯಾಕೆಟ್ ಗಾಳಿಯಲ್ಲಿವೆ. ಪಾಸ್‌ವರ್ಡ್ ಗೋಡೆ ಮೇಲಿದೆ. ಇವಿಷ್ಟನ್ನೂ ವೈರ್‌ಶಾರ್ಕಿಗೆ ಕೊಟ್ಟರೆ ಆ ಫೋನಿನ ವೈಫೈ ಬೀಗ ತೆರೆದುಕೊಳ್ಳುತ್ತೆ.

ಒಳಗೆ ಎಚ್‌ಟಿಟಿಪಿಎಸ್ ಅನ್ನುವ ಇನ್ನೊಂದು ಬೀಗ ಇರೋದ್ರಿಂದ ಬ್ಯಾಂಕಿನ ಪಾಸ್‌ವರ್ಡ್, ಯುಪಿಐ ಪಿನ್ ಇದರಿಂದ ಬಯಲಾಗಲ್ಲ. ಆದರೆ ಯಾವ ಸೈಟಿಗೆ ಹೋದಿರಿ ಅನ್ನುವ ಹೆಸರು ಬಹಳ ಸಲ ಕಾಣುತ್ತೆ. ಬೆಂಗಳೂರಲ್ಲಿ ಅದೇನು ದೊಡ್ಡದಲ್ಲ ಅನ್ನಿಸಬಹುದು. ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ನಾಲ್ಕು ಜನ "ಯಾವಾಗ ಬಂದ್ರಿ?" ಅನ್ನೋ ಊರಲ್ಲಿ ಹಾಗಲ್ಲ. ಸಾಲದ ಆ್ಯಪ್, ವಿಚ್ಛೇದನದ ವಕೀಲರ ಸೈಟ್, ಬಂಜೆತನದ ಆಸ್ಪತ್ರೆ: ಬರೀ ಹೆಸರು ಸಾಕು, ಮಿಕ್ಕಿದ್ದನ್ನ ಊರೇ ತುಂಬಿಕೊಳ್ಳುತ್ತೆ.

ಹಾಗಾಗಿ ವೈರ್‌ಶಾರ್ಕ್ ಬಗ್ಗೆ ನನ್ನ ದೂರು ಅದು ಅಪಾಯಕಾರಿ ಅಂತ ಅಲ್ಲ. ಅದರ ಮೌನವನ್ನ ಜನ ಸುರಕ್ಷತೆ ಅಂತ ಓದ್ತಾರೆ ಅಂತ. 'ಈಗ ಕಾಣುತ್ತಿರುವುದು ನಿಮ್ಮ ಕಂಪ್ಯೂಟರಿನದು ಮಾತ್ರ' ಅಂತ ಒಂದು ಸಾಲು ಮೇಲೆ ಹಾಕಿದ್ದರೆ ಸಾಕಿತ್ತು.

ಪ್ರಯೋಗ ಮಾಡೋದಾದ್ರೆ ನಿಮ್ಮದೇ ರೂಟರ್, ನಿಮ್ಮದೇ ಫೋನ್ ಇಟ್ಟುಕೊಂಡು ಮಾಡಿ. ಅನುಮತಿಯಿಲ್ಲದೆ ಇನ್ನೊಬ್ಬರ ನೆಟ್‌ವರ್ಕಿನಿಂದ ದತ್ತಾಂಶ ಎತ್ತುವುದು 2000ದ ಐಟಿ ಕಾಯ್ದೆಯ ಸೆಕ್ಷನ್ 43ಕ್ಕೆ ಬರುತ್ತೆ. ಮೋಸದ ಉದ್ದೇಶವಿದ್ದರೆ ಸೆಕ್ಷನ್ 66ರಲ್ಲಿ 3 ವರ್ಷದವರೆಗೆ ಜೈಲು. ಮುಂದಿನ ಸಲ ಊರಿಗೆ ಹೋದಾಗ ಮನೆಯ ರೂಟರಿನ ಸೆಟ್ಟಿಂಗ್ ತೆಗೆದು ನೋಡಿ. 2018ರಲ್ಲಿ ಬಂದ ಡಬ್ಲ್ಯೂಪಿಎ3 ಇದ್ದರೆ ಅದನ್ನೇ ಹಾಕಿ. ಅದರಲ್ಲಿ ಪಾಸ್‌ವರ್ಡ್ ಗೊತ್ತಿದ್ದ ಮಾತ್ರಕ್ಕೆ ಇನ್ನೊಬ್ಬರದ್ದನ್ನ ಬಿಡಿಸಿ ಓದೋಕಾಗಲ್ಲ. ಇಲ್ಲದಿದ್ದರೆ ಮೇಲಿನ ಮನೆ ಬಾಡಿಗೆಯವರಿಗೆ, ಬಂದುಹೋಗುವವರಿಗೆ ಬೇರೆ ಪಾಸ್‌ವರ್ಡಿನ ಗೆಸ್ಟ್ ನೆಟ್‌ವರ್ಕ್ ಮಾಡಿಕೊಡಿ. ಹತ್ತು ನಿಮಿಷದ ಕೆಲಸ. ಅಮ್ಮನಿಗೆ ಯಾಕೆ ಅಂತಾನೂ ಹೇಳಿ, ಇಲ್ಲಾಂದ್ರೆ ಪಕ್ಕದ ಮನೆಯವರು ಕೇಳಿದ ಕೂಡಲೇ ಹೊಸದನ್ನೂ ಕೊಟ್ಟುಬಿಡ್ತಾರೆ.