ದುರ್ಯೋಧನನಿಗೆ ಮರುಗುವ ಊರುಗಳು

ಚಿಂತಾಮಣಿ, ಶಿಡ್ಲಘಟ್ಟದ ಕಡೆ ಊರಹಬ್ಬಕ್ಕೆ ‘ಕುರುಕ್ಷೇತ್ರ’ ನಾಟಕ ಎಂದು ಗೊತ್ತಾದರೆ, ಮೊದಲ ಚರ್ಚೆ ದುರ್ಯೋಧನನ ಪಾರ್ಟು ಯಾರದೆಂಬುದು. ಪಾರ್ಟಿಗೆ ಇಷ್ಟೆಂದು ದುಡ್ಡು ಕಟ್ಟಿ ಬಣ್ಣ ಹಚ್ಚುವ ಪದ್ಧತಿಯಲ್ಲಿ ಸಾಮಾನ್ಯವಾಗಿ ಅವನದೇ ದುಬಾರಿ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಕೊಡುತ್ತಾರೆ, ಗದೆ ಹೊತ್ತ ಕೌರವ ರಾಗ ಎಳೆಯುತ್ತಾನೆ, ಜನ ‘ಒನ್ಸ್ ಮೋರ್’ ಎನ್ನುತ್ತಾರೆ, ನೆಂಟರು ರಂಗಕ್ಕೇ ಹತ್ತಿ ನೋಟಿನ ಹಾರ ಹಾಕುತ್ತಾರೆ. ಬೆಳಗಿನ ಜಾವ ಅದೇ ಮನುಷ್ಯ ತೊಡೆ ಮುರಿದು ಬಿದ್ದಾಗ ಚಾಪೆಯ ಮೇಲೆ ಕೂತವರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ತುಂಬಿದ ಸಭೆಯಲ್ಲಿ ಹೆಣ್ಣಿನ ಸೀರೆಗೆ ಕೈ ಹಾಕಿಸಿದವನಿಗೆ ಈ ಕಣ್ಣೀರು ಸಲ್ಲಬೇಕೆ?

ಸಲ್ಲಬೇಕು ಎಂದು ಕನ್ನಡ ಕಾವ್ಯ ಸಾವಿರ ವರ್ಷದಿಂದ ಹೇಳುತ್ತಾ ಬಂದಿದೆ. 941ರ ಸುಮಾರಿಗೆ ಪಂಪ ಅರ್ಜುನನನ್ನು ನಾಯಕನನ್ನಾಗಿ ಮಾಡಿಕೊಂಡೂ ಕೌರವನ ಛಲವನ್ನು ಮೆಚ್ಚಿಕೊಂಡ. ನಾಗಚಂದ್ರ ರಾವಣನ ಮನಸ್ಸನ್ನು ತಿರುಗಿಸಿದ; ಸೀತೆಯನ್ನು ಹಿಂದಿರುಗಿಸಲು ಅವನು ಒಪ್ಪಿದರೂ, ಮೊದಲು ಯುದ್ಧದಲ್ಲಿ ಗೆಲ್ಲಬೇಕೆಂಬ ಅಭಿಮಾನ ಅವನನ್ನು ಬಿಡಲಿಲ್ಲ. ಆದರೆ ಈ ಪರಂಪರೆಯ ಶಿಖರ ರನ್ನ. ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ ‘ಗದಾಯುದ್ಧ’ದಲ್ಲಿ ಓದುಗರ ನೆನಪಿನಲ್ಲಿ ಉಳಿದಿರುವುದು ಸೋತವನ ನಡಿಗೆ. ಸಂಜಯನ ಆಸರೆಯಲ್ಲಿ ಹೆಣಗಳ ನಡುವೆ ದಾರಿ ಮಾಡಿಕೊಂಡು ಹೋಗುವ ದುರ್ಯೋಧನ ದ್ರೋಣನನ್ನು ಕಾಣುತ್ತಾನೆ, ಮಗ ಲಕ್ಷಣಕುಮಾರನನ್ನು, ತಮ್ಮ ದುಶ್ಶಾಸನನನ್ನು, ಕರ್ಣನನ್ನು ಕಾಣುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಎದುರಿಗೂ ನಿಂತು ಕೈ ಮುಗಿಯುತ್ತಾನೆ. ಆ ಕೈಮುಗಿತದ ಮುಂದೆ ಯಾವ ಓದುಗ ಗಟ್ಟಿಯಾಗಿ ಉಳಿದಾನು?

ಆದರೂ ಇಲ್ಲಿ ಒಂದನ್ನು ಗಮನಿಸಬೇಕು. ಅವನು ಅಳುವುದು ತನ್ನವರಿಗಾಗಿ, ಒಬ್ಬ ವೀರ ಬಾಲಕನಿಗಾಗಿ, ದ್ರೌಪದಿಗಾಗಿ ಅಲ್ಲ. ಶರಶಯ್ಯೆಯಿಂದ ಭೀಷ್ಮ ಸಂಧಿಯ ಮಾತೆತ್ತಿದರೂ ಬಾಗುವುದಿಲ್ಲ. ರನ್ನನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕಾವ್ಯದ ಆರಂಭದಲ್ಲೇ ಬಿಚ್ಚಿದ ಮುಡಿಯ ದ್ರೌಪದಿಯಿಂದ ಭೀಮನೊಡನೆ ಮಾತಾಡಿಸಿದ್ದಾನೆ. ಅವಳ ಅಳಲನ್ನು ಕೇಳಿದ ಮೇಲೆಯೇ ನಾವು ಕೌರವನ ಅಳಲಿಗೆ ಬರುತ್ತೇವೆ. ರನ್ನನ ಮರುಕ ದೊಡ್ಡದಾಗಿರುವುದು ಈ ಅನುಕ್ರಮದಿಂದ.

ನಮ್ಮ ಊರುಗಳ ನಾಟಕ ಕಳೆದುಕೊಳ್ಳುತ್ತಿರುವುದು ಈ ಅನುಕ್ರಮವನ್ನೇ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಈ ಗಡಿ ಸೀಮೆಗೆ 1977ರ ‘ದಾನವೀರಶೂರಕರ್ಣ’ ಸಿನಿಮಾದ ಪ್ರಭಾವ ಕಡಿಮೆಯದಲ್ಲ. ಎನ್.ಟಿ. ರಾಮರಾವ್ ಕರ್ಣ, ಕೃಷ್ಣರ ಜತೆಗೆ ದುರ್ಯೋಧನನೂ ಆಗಿ, ಕರ್ಣನ ಕುಲ ಕೇಳಿದವರನ್ನು ಪ್ರಶ್ನಿಸಿದ ಆ ಮಾತುಗಾರಿಕೆ ಕೌರವನನ್ನು ಜಾತಿ ಮೀರಿದ ಧೀರನನ್ನಾಗಿ ಮಾಡಿತು. ಕುಲದ ಹೆಸರಲ್ಲಿ ಅವಮಾನ ಉಂಡವರಿಗೆ ಅದು ತಮ್ಮದೇ ಮಾತೆನಿಸಿದ್ದರೆ ಆಶ್ಚರ್ಯವಿಲ್ಲ. ಆ ಚಪ್ಪಾಳೆಯನ್ನು ನಾನು ಗೌರವಿಸುತ್ತೇನೆ.

ಆದರೆ ಗೌರಿಬಿದನೂರು ತಾಲ್ಲೂಕಿನಲ್ಲೇ ಅದಕ್ಕೆ ಉತ್ತರವಿದೆ. ಉತ್ತರ ಪಿನಾಕಿನಿಯ ದಡದಲ್ಲಿ, ವಿದುರ ನೆಟ್ಟನೆಂದು ಜನ ನಂಬಿದ ಅಶ್ವತ್ಥದಿಂದ ಹೆಸರು ಪಡೆದ ವಿದುರಾಶ್ವತ್ಥವಿದೆ. ದಾಸಿಯ ಮಗನಾದ, ಕೃಷ್ಣನಿಗೆ ಊಟವಿಕ್ಕಿದ ವಿದುರನನ್ನು ಹುಟ್ಟಿನ ಹೆಸರು ಹಿಡಿದು ಜರೆದವನು ಇದೇ ದುರ್ಯೋಧನ. ಕುಮಾರವ್ಯಾಸನಲ್ಲಿ ವಿದುರ ಆ ಕ್ಷಣ ತನ್ನ ಬಿಲ್ಲನ್ನು ಮುರಿದು ಹಾಕುತ್ತಾನೆ. ಕರ್ಣನ ಕುಲ ಕೇಳದವನು ವಿದುರನ ಕುಲ ಎತ್ತಿದ, ಏಕೆಂದರೆ ಕರ್ಣ ಅವನಿಗೆ ಬೇಕಾಗಿದ್ದ, ವಿದುರ ಬುದ್ಧಿ ಹೇಳುತ್ತಿದ್ದ.

ಇನ್ನೊಂದು ಮಾತು ಹೇಳಲೇಬೇಕು. ದುಬಾರಿ ಪಾರ್ಟು ಕೊಳ್ಳಬಲ್ಲವನು ಸಹಜವಾಗಿ ಊರಿನ ಅನುಕೂಲಸ್ಥ. ದ್ರೌಪದಿಯಾಗಲು ಹೊರಗಿನಿಂದ ಕಲಾವಿದೆಯನ್ನು ಒಂದು ರಾತ್ರಿಗೆಂದು ಕರೆಸುತ್ತಾರೆ. ಅವನಿಗೆ ಹಾರ ಹಾಕಲು ಊರೇ ಇದೆ. ಅವಳ ಪರ ಅಲ್ಲಿ ನೆಂಟರಿಲ್ಲ. ಗಡಿಯಾಚೆ ಚಿತ್ತೂರು ಸೀಮೆಯ ದ್ರೌಪದಿ, ಧರ್ಮರಾಜರ ಗುಡಿಗಳ ಉತ್ಸವದಲ್ಲಿ ಮಣ್ಣಿನ ಭಾರಿ ದುರ್ಯೋಧನನನ್ನು ನೆಲದ ಮೇಲೆ ಮಾಡಿ ಮಲಗಿಸಿ, ಭೀಮ ವೇಷದವನಿಂದ ತೊಡೆಗೆ ಹೊಡೆಸುತ್ತಾರೆ. ಅಲ್ಲಿ ಕಥೆ ನಡೆಯುವುದು ದ್ರೌಪದಿಯ ಅಂಗಳದಲ್ಲಿ. ಆದರೆ ಆ ಮಣ್ಣಿನ ಮೈಗೆ ಮಗನ ಹೆಣ ಕಂಡ ತಂದೆಯ ಸಂಕಟವಿಲ್ಲ. ರನ್ನನನ್ನು ಓದಿದವರಿಗೆ ಅದೂ ಸಾಲದು.

ಪುರಾಣದ ಕ್ರೂರಿಗೆ ಮರುಗುವುದು ಸುಲಭ, ಅವನಿಂದ ನೊಂದವರು ನಮ್ಮ ಬೀದಿಯಲ್ಲಿಲ್ಲ. ಇತಿಹಾಸದ ಕ್ರೌರ್ಯ ಹಾಗಲ್ಲ. 1938ರ ಏಪ್ರಿಲ್ 25ರಂದು ಅದೇ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಗುಂಡು ಹಾರಿಸಲು ಹೇಳಿದವನ ಒಳಗುದಿಯನ್ನು ನಾಳೆ ಯಾರಾದರೂ ನಾಟಕ ಮಾಡಬಹುದು, ಮಾಡಲಿ. ಆದರೆ ಸ್ಮಾರಕದಲ್ಲಿರುವ ಸತ್ತವರ ಹೆಸರುಗಳನ್ನು ಓದದೆ ಆ ನಾಟಕ ಶುರುವಾದರೆ ಅದು ಸುಳ್ಳು.

ಕೌರವನಿಗಾಗಿ ಅಳುವುದು ತಪ್ಪಲ್ಲ. ಅವನು ಅಳಿಸಿದವರನ್ನು ಬಿಟ್ಟು ಅಳುವುದು ತಪ್ಪು. ನಾಟಕ ಮಂಡಳಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಬೆಳಕು ಹರಿಯುತ್ತಿದೆ, ಸಮಯ ಸಾಲದು ಎಂದು ದೃಶ್ಯ ಕತ್ತರಿಸಬೇಕಾಗಿ ಬಂದರೆ ದುರ್ಯೋಧನನ ಪದ್ಯಗಳಲ್ಲಿ ಒಂದೆರಡು ಬಿಡಿ. ತುಂಬಿದ ಸಭೆಯಲ್ಲಿ ದ್ರೌಪದಿ ಕೇಳುವ ಪ್ರಶ್ನೆಯನ್ನೂ ವಿದುರ ಬಿಲ್ಲು ಮುರಿಯುವ ಸೀನನ್ನೂ ಬಿಡಬೇಡಿ.