ಶರೀಫರ ಪದ, ಗಿಟಾರು ಮತ್ತು ನಿಂತು ಕೇಳಿದ ಸಂಜೆ

ಕನ್ನಡದಲ್ಲಿ ‘ಇಂಡೀ ಸಂಗೀತ’ ಎಂಬ ಮಾತನ್ನು ನಾವು ಸಾಮಾನ್ಯವಾಗಿ ಒಂದೇ ಅರ್ಥದಲ್ಲಿ ಬಳಸುತ್ತೇವೆ: ಸಿನಿಮಾದ್ದಲ್ಲದ ಸಂಗೀತ. ಇಂಗ್ಲಿಷಿನಲ್ಲಿ ಈ ಪದ ದೊಡ್ಡ ರೆಕಾರ್ಡ್ ಕಂಪನಿಗಳ ಹಂಗಿಲ್ಲದೆ ಹಾಡು ಹೊರತಂದವರನ್ನು ಗುರುತಿಸುತ್ತಿತ್ತು. ನಮ್ಮಲ್ಲಿ ಆ ಕಂಪನಿಯ ಜಾಗದಲ್ಲಿ ಸಿನಿಮಾ ಕೂತಿದೆ. ಈ ವಿವರಣೆ ಅನುಕೂಲದ್ದು, ಆದರೆ ಸಾಲದು. ಸಿನಿಮಾದ ಹಂಗಿಲ್ಲದೆ ಹಾಡುವುದೇ ಸ್ವಾತಂತ್ರ್ಯವಾದರೆ ನಮ್ಮೂರು ಸವಳಂಗದಲ್ಲಿ ಶ್ರಾವಣ ಮಾಸದ ಭಜನೆ ಮಾಡುತ್ತಿದ್ದವರೇ ಎಲ್ಲರಿಗಿಂತ ಮೊದಲಿನ ಇಂಡೀ ಕಲಾವಿದರು. ಹಾಗಾದರೆ ಗಿಟಾರು, ಡ್ರಮ್ಸ್ ಹಿಡಿದು ಬಂದ ಬ್ಯಾಂಡುಗಳು ಹೊಸದಾಗಿ ಮಾಡಿದ್ದೇನು? ಹದಿನೇಳನೇ ವಯಸ್ಸಿನಲ್ಲಿ ಕೇಳಿದ ನನ್ನ ಮೊದಲ ಕಾನ್ಸರ್ಟನ್ನು ನೆನೆದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ.

ಆ ಕಾಲದ ಹಾಡುಗಳನ್ನು ಮೊದಲು ನೋಡೋಣ. ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಮರುವರ್ಷ ಬೆಂಗಳೂರಿನ ‘ಸ್ವರಾತ್ಮ’ ತಂಡದ ಮೊದಲ ಆಲ್ಬಂ ಬಂತು. ರಘು ದೀಕ್ಷಿತ್ ಆಲ್ಬಮ್ಮಿನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಶಿಶುನಾಳ ಶರೀಫರ ಗುಡುಗುಡಿಯ ಪದವಿತ್ತು. ಅದನ್ನು ಹೊರತಂದದ್ದು ಹಿಂದಿ ಸಿನಿಮಾದ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಅವರ ಕಂಪನಿ. ಅದೇ ವರ್ಷ ಅವರು ‘ಸೈಕೋ’ ಎಂಬ ಕನ್ನಡ ಸಿನಿಮಾಕ್ಕೂ ಸಂಗೀತ ಕೊಟ್ಟರು. ಅಂದರೆ ಸಿನಿಮಾ ಮತ್ತು ಇಂಡೀ ನಡುವೆ ನಾವು ಎಳೆಯುವ ಗೆರೆ ಮೊದಲ ದಿನದಿಂದಲೇ ಅಳಿಸಿಹೋಗಿತ್ತು. ಶರೀಫರ ಪದಗಳೂ ನೇರವಾಗಿ ಹಳ್ಳಿಯಿಂದ ಬ್ಯಾಂಡಿಗೆ ಜಿಗಿದವಲ್ಲ. ಕ್ಯಾಸೆಟ್ಟುಗಳು, ಸಿ. ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣ ಅವರ ಗಾಯನ, 1990ರಲ್ಲಿ ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಸಿನಿಮಾ ಇವೆಲ್ಲ ಆ ಪದಗಳನ್ನು ಪೇಟೆಯ ಕಿವಿಗೆ ಮುಟ್ಟಿಸಿದ್ದವು. ಆದ್ದರಿಂದ ಹೊಸತನವನ್ನು ಹಾಡಿನ ಮೂಲದಲ್ಲಾಗಲಿ, ಅದು ಬಂದ ದಾರಿಯಲ್ಲಾಗಲಿ ಹುಡುಕಿ ಫಲವಿಲ್ಲ. ಅದನ್ನು ಕೇಳುವ ಕ್ರಮದಲ್ಲಿ ಹುಡುಕಬೇಕು.

ನಾನು ಕೇಳಿದ ಕಾರ್ಯಕ್ರಮ ನಡೆದದ್ದು 2013ರಲ್ಲಿ, ಶಿವಮೊಗ್ಗದ ಕಾಲೇಜೊಂದರ ಮೈದಾನದಲ್ಲಿ. ದಿನವೂ ಸವಳಂಗದಿಂದ ಬಸ್ಸಿನಲ್ಲಿ ಹೋಗಿ ಪಿಯುಸಿ ಓದುತ್ತಿದ್ದ ಕಾಲ. ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ತುಂಬಿಸಿ ಕೊಟ್ಟ ನೂರಾರು ಸಿನಿಮಾ ಹಾಡುಗಳ ನಡುವೆ ಇಂಥ ನಾಲ್ಕೈದು ಹಾಡುಗಳಿದ್ದವು. ವೇದಿಕೆಯಲ್ಲಿದ್ದದ್ದು ಬೆಂಗಳೂರಿನಿಂದ ಬಂದಿದ್ದ, ಹೆಸರು ಮಾಡಿರದ ಹುಡುಗರ ತಂಡ. ತಮ್ಮವೇ ಎರಡು ಮೂರು ಹಾಡುಗಳಾದ ಮೇಲೆ ಅವರು ಗುಡುಗುಡಿಯ ಪದ ಎತ್ತಿಕೊಂಡರು. ಕುರ್ಚಿಯಲ್ಲಿದ್ದವರೆಲ್ಲ ಎದ್ದು ನಿಂತರು. ನಾನೂ ನಿಂತು ಗಂಟಲು ಬಿಟ್ಟು ಹಾಡಿದೆ.

ಆ ಪದ ನನಗೆ ಹೊಸದಾಗಿರಲಿಲ್ಲ, ನಮ್ಮಜ್ಜ ಹಾಡುತ್ತಿದ್ದದ್ದೇ. ಆದರೆ ಅದನ್ನು ನಾನು ಬಾಯಿ ಬಿಟ್ಟು ಹಾಡಿದ್ದು ಅದೇ ಮೊದಲು. ನಮ್ಮ ಬೀದಿಯ ಭಜನೆಯಲ್ಲಿ ಹಾರ್ಮೋನಿಯಂ, ತಬಲ, ತಾಳಗಳ ಸುತ್ತ ಕೂರುತ್ತಿದ್ದವರು ಗಂಡಸರು. ಒಬ್ಬರು ಹೇಳಿಕೊಟ್ಟರೆ ಉಳಿದವರು ಹಿಂದೆ ಹೇಳುತ್ತಿದ್ದರು. ಅಲ್ಲಿ ಕೇಳುಗ, ಹಾಡುಗ ಎಂಬ ಭೇದವಿಲ್ಲ ಎಂದು ನಾವು ಜಾನಪದದ ಪುಸ್ತಕಗಳಲ್ಲಿ ಓದುತ್ತೇವೆ. ಆ ಮಾತು ಸುತ್ತು ಕೂತವರ ಮಟ್ಟಿಗೆ ನಿಜ. ಜಗಲಿಯ ಮೇಲಿದ್ದ ಹೆಂಗಸರು, ಮಕ್ಕಳು ಬರೀ ಕೇಳುಗರು. ಆಚೆ ಓಣಿಯವರು ಅಷ್ಟು ಹತ್ತಿರವೂ ಬರುತ್ತಿರಲಿಲ್ಲ.

ಸುಗಮ ಸಂಗೀತ ಬೇರೆ ಬಗೆಯ ಕೇಳುಗರನ್ನು ಬೆಳೆಸಿತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದ ಮೇಲೆ ಕವಿತೆ ಮನೆಮನೆಗೆ ಹೋಯಿತು. ಅಲ್ಲಿ ಹೆಣ್ಣುಮಕ್ಕಳು ಹಾಡಿದರು, ಕಲಿತರು, ಸ್ಪರ್ಧೆಗಳಲ್ಲಿ ಗೆದ್ದರು. ಅದು ಸಣ್ಣ ಸಾಧನೆಯಲ್ಲ. ಆದರೆ ಸಭಾಂಗಣದ ಶಿಸ್ತು ಕವಿಯ ಪದಕ್ಕೆ ತಲೆಬಾಗುವ ಶಿಸ್ತು. ಕೇಳುಗ ಸುಮ್ಮನೆ ಕೂತು ಆಲಿಸಬೇಕು, ಕೊನೆಯಲ್ಲಿ ಚಪ್ಪಾಳೆ ತಟ್ಟಬೇಕು. ಆ ಸಂಜೆಯ ಮೈದಾನದಲ್ಲಿ ಈ ಎರಡೂ ಕಟ್ಟುಗಳಿರಲಿಲ್ಲ. ಯಾರ ಓಣಿ ಯಾವುದು ಎಂದು ಗೊತ್ತಿಲ್ಲದವರು ಪಕ್ಕಪಕ್ಕ ನಿಂತಿದ್ದರು. ಶ್ರುತಿ ತಪ್ಪಿದರೆ ಕೇಳುವವರಿರಲಿಲ್ಲ. ಕನ್ನಡದ ಇಂಡೀ ಬ್ಯಾಂಡುಗಳು ಕೊಟ್ಟ ಸ್ವಾತಂತ್ರ್ಯ ಕಲಾವಿದರಿಗಿಂತ ಹೆಚ್ಚಾಗಿ ಕೇಳುಗರದ್ದು ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಶರೀಫರ (1819–1889) ಪದಗಳು ಒಗಟಿನ ರೀತಿಯವು. ಗುಡುಗುಡಿಯೆಂದರೆ ಹುಕ್ಕಾ. ಅದನ್ನು ಸೇದು ಎಂದು ಹೇಳುತ್ತಲೇ ಅವರು ದೇಹ, ಮನಸ್ಸುಗಳ ಕೊಳೆಯನ್ನು ಸುಡುವ ಸಾಧನೆಯ ಕಡೆಗೆ ಒಯ್ಯುತ್ತಾರೆ. ಭಜನೆಯಲ್ಲಿ ಒಂದು ನುಡಿ ಮುಗಿದ ಮೇಲೆ ಹಾಡುಗಾರ ತಾಳ ನಿಲ್ಲಿಸಿ ಅರ್ಥ ಹೇಳುವುದಿತ್ತು. ಕೇಳಿದವರು ಎದುರು ಪ್ರಶ್ನೆ ಹಾಕುವುದೂ ಇತ್ತು. ಮೈದಾನದಲ್ಲಿ ಅಂಥ ನಿಲುಗಡೆಗೆ ಎಡೆಯಿರಲಿಲ್ಲ. ಪಲ್ಲವಿ ಹತ್ತಾರು ಸಲ ಮರಳಿ ಬಂತು, ನುಡಿಗಳು ಡ್ರಮ್ಸಿನ ಕೆಳಗೆ ಹೋದವು. ನನ್ನ ಹಿಂದಿದ್ದ ಹುಡುಗರು ಅದನ್ನು ಸಿಗರೇಟಿನ ಹಾಡೆಂದೇ ಕುಣಿದರು. ಮಾರನೇ ದಿನ ರಘು ದೀಕ್ಷಿತ್ ಹಾಡಿದ್ದನ್ನು ಮೊಬೈಲಿನಲ್ಲಿ ಅಜ್ಜನಿಗೆ ಕೇಳಿಸಿದೆ. ಕೊನೆಯವರೆಗೂ ಕೇಳಿ, “ಚೆನ್ನಾಗೈತಿ ಕಣವ್ವ. ಆದ್ರೆ ಯಾಕಿಂಗೆ ಓಡ್ತಾರೆ? ಪದಕ್ಕೆ ಉಸಿರು ಬ್ಯಾಡೇನು?” ಅಂದರು. ಅವರು ಗಿಟಾರಿನ ಬಗ್ಗೆ ತಕರಾರು ತೆಗೆಯಲಿಲ್ಲ. ಅವರ ತಕರಾರು ವೇಗದ ಬಗ್ಗೆ ಮಾತ್ರ. ಇಂಡೀ ಸಂಗೀತದ ಬಗ್ಗೆ ಇದಕ್ಕಿಂತ ಖಚಿತವಾದ ವಿಮರ್ಶೆಯನ್ನು ನಾನು ಆಮೇಲೆ ಓದಿದ್ದು ಕಡಿಮೆ.

ಇನ್ನೊಂದು ಮಾತು ಬಸ್ಸಿನದು. ಶಿಕಾರಿಪುರದ ಕಡೆಯ ಕೊನೆಯ ಬಸ್ಸು ಹಿಡಿಯಲು ನಾನು ಮತ್ತು ನನ್ನ ಗೆಳತಿ ಕಾರ್ಯಕ್ರಮ ಮುಗಿಯುವ ಮೊದಲೇ ಎದ್ದು ಬಂದೆವು. ಊರಿನ ಭಜನೆ ಬೆಳಗಿನವರೆಗೂ ನಡೆದೀತು, ಯಾಕೆಂದರೆ ಎಲ್ಲರ ಮನೆಯೂ ಅಲ್ಲೇ. ಕಾನ್ಸರ್ಟಿನ ವೇಳೆ ನಿಗದಿಯಾಗುವುದು ಪೇಟೆಯಲ್ಲಿ ಮನೆಯಿದ್ದು, ರಾತ್ರಿ ತಡವಾದರೂ ಯಾರಿಗೂ ಉತ್ತರ ಹೇಳಬೇಕಿಲ್ಲದ ಕೇಳುಗರನ್ನು ಮನಸ್ಸಿನಲ್ಲಿಟ್ಟುಕೊಂಡು. ಹಳ್ಳಿಯ ಪದ ಪೇಟೆಯ ಮೈದಾನಕ್ಕೆ ಬಂದಿತ್ತು. ಅದರ ಹಿಂದೆ ಹಳ್ಳಿಯ ಹುಡುಗಿಯರು ಎಷ್ಟು ಹೊತ್ತು ಅಲ್ಲಿರಬಹುದು ಎಂಬುದು ಮಾತ್ರ ಬಸ್ಸಿನ ವೇಳಾಪಟ್ಟಿಗೆ ಬಿಟ್ಟ ವಿಷಯವಾಗಿತ್ತು.

ನಮ್ಮ ಸಾಹಿತ್ಯ ವಿಮರ್ಶೆ ಹಾಡನ್ನು ಪಠ್ಯವಾಗಿ ಓದಲು ಚೆನ್ನಾಗಿ ಕಲಿಸಿದೆ. ತತ್ವಪದಗಳ ಸಂಪಾದನೆಯಲ್ಲೂ ವ್ಯಾಖ್ಯಾನದಲ್ಲೂ ದೊಡ್ಡ ಕೆಲಸಗಳಾಗಿವೆ. ಹಾಡನ್ನು ಯಾರು, ಎಲ್ಲಿ, ಯಾರ ಪಕ್ಕದಲ್ಲಿ, ಎಷ್ಟು ಗಂಟೆಯವರೆಗೆ ಕೇಳಿದರು ಎಂಬುದನ್ನೂ ಅರ್ಥದ ಭಾಗವಾಗಿ ಓದಬೇಕಿದೆ. ಹಾಗೆ ಓದಿದರೆ ಬ್ಯಾಂಡಿನವರು ಶರೀಫರನ್ನು ಉಳಿಸಿದರೋ ಕೆಡಿಸಿದರೋ ಎಂಬ ಹಳೆಯ ವಾದ ಅಷ್ಟು ಮುಖ್ಯವೆನಿಸುವುದಿಲ್ಲ. ಬ್ಯಾಂಡಿನವರು ನನ್ನಂಥವರಿಗೆ ಆ ಪದವನ್ನು ಹಾಡುವ ಧೈರ್ಯ ಕೊಟ್ಟರು. ಅದರ ಅರ್ಥಕ್ಕಾಗಿ ನಾನು ಅಜ್ಜನ ಬಳಿಯೇ ಕೂರಬೇಕಾಯಿತು. ಆಗ ಅಜ್ಜ ಒಂದೊಂದೇ ನುಡಿ ಹೇಳಿಕೊಟ್ಟರು, ನಾನು ಹಿಂದೆ ಹೇಳಿದೆ.